ಹೂತಿಟ್ಟ ಗಾಳಿ

ದೇಶದ ಹೊಗೆಯನ್ನು ಹೂಳುವುದಕ್ಕೆ ಜಾಗ ಹುಡುಕುತ್ತಿದ್ದ ದೊಡ್ಡವರಿಗೆ ಕೊನೆಗೂ ಸಿಕ್ಕಿದ್ದು ಬೀದರ್ ಸೀಮೆಯ ಸಿರಗುಂಡವಾಡಿ. ಆ ಊರಿನಲ್ಲಿ ಒಂದೂ ಕಾರ್ಖಾನೆ ಇರಲಿಲ್ಲ. ಇದ್ದ ಕಾರುಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು. ವಿಮಾನ ಅಂದರೆ ತಲೆಯ ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋಗುವ ವಸ್ತು, ಅಷ್ಟೇ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಕಟ್ಟಿದವನು ಸಿರಗುಂಡವಾಡಿಗೆ ಬಂದಿದ್ದರೆ ನಾಚಿಕೊಂಡು ಗಾದೆಯನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದ. ಇಲ್ಲಿ ಮಾಡಿದವರು ಬೇರೆ, ಉಣ್ಣುವವರು ಬೇರೆ.

ಊರಿನ ತಪ್ಪೆಂದರೆ ಅದರ ಕಾಲಡಿಯ ಕಲ್ಲು. ಮೇಲೆ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ನೂರಾರು ಮೀಟರ್ ಆಳದವರೆಗೂ ಕರಿಕಲ್ಲು. ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ, ಅಂದರೆ ಸೋಡಾ ಮಾಡಿ, ಆ ಕರಿಕಲ್ಲಿಗೆ ಕುಡಿಸಿದರೆ ಎರಡು ವರ್ಷದೊಳಗೆ ಅನಿಲವೆಲ್ಲ ಸುಣ್ಣದಂಥ ಬಿಳಿ ಹರಳಾಗಿ ಕಲ್ಲಿನ ಸಂದಿಗಳಲ್ಲಿ ಕೂತುಬಿಡುತ್ತದೆ. ಮತ್ತೆ ಏಳುವುದಿಲ್ಲ. ಇದು ಸುಳ್ಳಲ್ಲ, ಒಳ್ಳೆಯ ವಿಜ್ಞಾನವೇ. ಆದರೆ ಒಂದು ಟನ್ ಅನಿಲಕ್ಕೆ ಇಪ್ಪತ್ತೈದು ಟನ್ ನೀರು ಬೇಕು. ನಲವತ್ತೆಂಟು ಡಿಗ್ರಿ ಕಾಯುವ ಸೀಮೆಯಲ್ಲಿ ಆ ನೀರು ಎಲ್ಲಿಂದ ಬರಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ.

ಹಾಗೆ ಅಲ್ಲಿ ಎದ್ದ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ, ಅನಿಲವನ್ನು ಕಲ್ಲಿಗೆ ಇಳಿಸುವ ಹನ್ನೆರಡು ಬಾವಿಗಳ ಒತ್ತಡ ನೋಡಿಕೊಳ್ಳುವ ಕೆಲಸ ಜಗದೇವಿಯದು. ನಲವತ್ತೊಂದು ವರ್ಷದ ಹೆಂಗಸು, ಆ ಊರಿನ ಮಗಳೇ, ಡಿಪ್ಲೊಮಾ ಓದಿದವಳು. ಶುರುವಿನಲ್ಲಿ ಆಕೆಗೆ ಈ ಕೆಲಸದ ಮೇಲೆ ದೊಡ್ಡ ಅಭಿಮಾನವಿತ್ತು. ಊರಿನ ಹೆಂಗಸರು ಕೇಳಿದಾಗ ತಾನೇ ಕೂತು ತಿಳಿಸಿ ಹೇಳುತ್ತಿದ್ದಳು. "ಬಿಸಲು ಬಿದ್ದು ಭೂಮಿ ಕಾಯ್ತದ. ಕಾದ ಭೂಮಿ ಶಾಖ ಮ್ಯಾಲ ಬಿಡ್ತದ. ಈ ಗ್ಯಾಸ್ ಒಳಗ ಬರೋ ಬಿಸಲ ತಡಿಯಂಗಿಲ್ಲ, ಹೊರಗ ಹೋಗೋ ಶಾಖ ಹಿಡದು ಹೊಳ್ಳಿ ಕೆಳಗ ಕಳಸ್ತದ. ಕೌದಿ ಇದ್ದಂಗ ತಿಳೀರಿ. ಒಂದು ಕೌದಿ ಬೇಕೇ ಬೇಕು, ಇಲ್ಲಂದ್ರ ಭೂಮಿ ಥಂಡಿಗಿ ಸೆಟೆದು ಹೋಗ್ತದ. ಆದ್ರ ಕಲ್ಲಿದ್ದಲು, ಎಣ್ಣಿ ಸುಟ್ಟು ಸುಟ್ಟು ಮಂದಿ ಒಂದರ ಮ್ಯಾಲ ಒಂದು ಹೊಚ್ಚಿಬಿಟ್ಟಾರ. ಅದಕ್ಕೇ ಮಳಿ ಹಿಂದ ಮುಂದ ಆಗ್ಯಾವ, ಬಂದ್ರ ಒಂದೇ ದಿನಕ್ಕ ಸುರೀತಾವ, ಇಲ್ಲಂದ್ರ ಇಲ್ಲೇ ಇಲ್ಲ. ನಾವು ಆ ಕೌದಿ ತಗದು ಹೂಳ್ಲಕತ್ತೀವಿ."

ಹೆಂಗಸರು ತಲೆಯಾಡಿಸುತ್ತಿದ್ದರು. ಒಬ್ಬ ಮುದುಕಿ ಮಾತ್ರ, "ನಾವು ಹೊಚ್ಚಿದ್ದಲ್ಲಲ್ಲ, ನಮ್ಮ ಹಿತ್ತಲದಾಗ ಯಾಕ ಹೂಳ್ತಿ?" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಜಗದೇವಿಯೂ ನಕ್ಕಿದ್ದಳು.

ಹೂಳುವ ಸ್ಥಾವರ ಇರುವ ತಾಲೂಕು ಪೂರಾ ಸ್ವಚ್ಛವಾಗಿ ಕಾಣಬೇಕೆಂದು ಆಕಾಶ ರಕ್ಷಣಾ ಕಾಯಿದೆಯಲ್ಲಿ ಒಂದು ಕಲಮು ಇತ್ತು. ಅಲ್ಲಿ ಯಾರ ಮನೆಯಲ್ಲೂ ಬೆಂಕಿ ಉರಿಯಕೂಡದು. ಒಲೆ ಹೋಯಿತು, ಸೀಮೆಎಣ್ಣೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಮಹಾನಗರದ ಎತ್ತರದ ಕಟ್ಟಡಗಳಲ್ಲಿ ನಡು ಬೇಸಿಗೆಯಲ್ಲೂ ಜನ ಸ್ವೆಟರ್ ಹಾಕಿಕೊಂಡು ಕೂರುವಷ್ಟು ತಂಪು ಓಡುತ್ತಿತ್ತು. ಅದಕ್ಕೆ ವಿದ್ಯುತ್ತು ಕಲ್ಲಿದ್ದಲಿನಿಂದಲೇ ಬರುತ್ತಿತ್ತು, ಹೊಗೆ ಕೊಳವೆಯಲ್ಲಿ ಸಿರಗುಂಡವಾಡಿಗೆ ಬರುತ್ತಿತ್ತು. ಹೂಳುತ್ತೇವಲ್ಲ, ಇನ್ನೇನು ಭಯ ಎಂದು ಸುಡುವುದನ್ನು ಹೆಚ್ಚಿಸಿದ್ದರು. ಸಿರಗುಂಡವಾಡಿಯ ಕಂದೀಲುಗಳನ್ನು ಮಾತ್ರ ಕಂಪನಿಯವರು ಗೋಣಿಚೀಲದಲ್ಲಿ ತುಂಬಿಕೊಂಡು ಹೋಗಿ, ಬದಲಿಗೆ ಕಂಪನಿಯ ಹೆಸರು ಅಚ್ಚಾದ ಬ್ಯಾಟರಿ ದೀಪ ಹಂಚಿದರು. ಆವತ್ತು ಶಾಲೆಯ ಅಂಗಳದಲ್ಲಿ ಹೆಸರು ಕೂಗಿ ಕೂಗಿ ಅವನ್ನು ಹಂಚಿದವಳು ಜಗದೇವಿ.

ಹತ್ತನೆಯ ವರ್ಷದ ಬೇಸಿಗೆಯಲ್ಲಿ ಏಳನೆಯ ಬಾವಿ ಆಕೆಯ ನಿದ್ದೆ ಕೆಡಿಸಿತು. ಮೂರು ವಾರದಿಂದ ಅದಕ್ಕೆ ಅಷ್ಟೇ ಅನಿಲ ನೂಕುತ್ತಿದ್ದರೂ ಒತ್ತಡ ಏರುತ್ತಿರಲಿಲ್ಲ. ತುಂಬಿದ ಕೊಡಕ್ಕೆ ಮತ್ತೆ ಮತ್ತೆ ನೀರು ಹೊಯ್ದರೂ ಹೊರಚೆಲ್ಲದಿದ್ದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ಅವಳು ಹಳೆಯ ಅಂಕಿ ತೆಗೆದು ನೋಡಿದಳು. ಒಂದು ಟನ್ ಅನಿಲಕ್ಕೆ ಇಪ್ಪತ್ತೈದು ಟನ್ ಹೋಗಬೇಕಿದ್ದ ನೀರು ಎರಡು ವರ್ಷದಿಂದ ಹತ್ತಕ್ಕೆ ಇಳಿದಿತ್ತು. ಹಾಗಾದರೆ ಅರ್ಧಕ್ಕಿಂತ ಹೆಚ್ಚು ಅನಿಲ ಕರಗಿಯೇ ಇಲ್ಲ. ಕರಗದ ಅನಿಲ ಕಲ್ಲಾಗುವುದಿಲ್ಲ, ಸಂದಿ ಹುಡುಕಿಕೊಂಡು ಮೇಲೆ ಬರುತ್ತದೆ.

ಸ್ಥಾವರದ ಮುಖ್ಯಸ್ಥ ಅನಿರುದ್ಧ, ದಕ್ಷಿಣದ ಕಡೆಯವನು, ಮಾತು ಬೆಣ್ಣೆ. "ಜಗದೇವಿ ಅವರೇ, ಕಲ್ಲು ಚೆನ್ನಾಗಿ ಹೀರಿಕೊಳ್ಳುತ್ತಿದೆ ಅಂತ ಯಾಕೆ ತಿಳಿಯಬಾರದು? ಊರಿನ ಸುತ್ತ ನಲವತ್ತು ಅನಿಲ ಮಾಪಕ ಇಟ್ಟಿದ್ದೇವೆ. ಒಂದಾದರೂ ಕೂಗಿದೆಯಾ?"

"ಮಾಪಕ ಎಲ್ಲಾ ಕಂಬದ ತುದಿಗಿ ಅವ ಸರ್. ಆಡು ಕೆಡವ್ತಾವಂತ ಆಳೆತ್ತರಕ್ಕಿಂತ ಮ್ಯಾಲ ಕಟ್ಟಿಸೀರಿ. ಈ ಗ್ಯಾಸು ಗಾಳಿಗಿಂತ ಭಾರ. ನೆಲಾ ಹಿಡದು ಹರೀತದ, ತಗ್ಗಿನಾಗ ನಿಲ್ತದ."

"ಶುಕ್ರವಾರ ಹತ್ತನೇ ವರ್ಷದ ಶೂನ್ಯ ಸೋರಿಕೆ ಪ್ರಮಾಣಪತ್ರ ಬರುತ್ತೆ. ಅದಾದ ಮೇಲೆ ಕೂತು ನೋಡೋಣ. ನೀವು ಒಂದು ವರದಿ ಬರೆದಿಡಿ."

ವರದಿ ಬರೆದಿಡಿ! ಜಗದೇವಿಯ ಮೈ ಉರಿಯಿತು. ಆದರೂ ಬರೆದಿಟ್ಟಳು. ಅಭ್ಯಾಸ.

ಆ ಸಂಜೆ ಅಣ್ಣನ ಮನೆಗೆ ಹೋದಾಗ ವೈನಿ, ಅಂದರೆ ಅತ್ತಿಗೆ, ಕಸ್ತೂರಬಾಯಿ ಅಂಗಳದಲ್ಲಿ ಸತ್ತ ಕೋಳಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಹನ್ನೊಂದು ಕೋಳಿ.

"ರೋಗ ಇಲ್ಲ ರುಜಿನ ಇಲ್ಲ, ನೋಡವ್ವ ಜಗದೇವಿ. ಗೋಡಿ ಬುಡಕ ಆ ತಗ್ಗಿನಾಗ ಮಲಗ್ತಿದ್ವು. ಮುಂಜಾನಿ ನೋಡಿದ್ರ ಕುತಗಿ ಚೆಲ್ಯಾವ. ಮ್ಯಾಲ ಬೇವಿನ ಟೊಂಗಿ ಮ್ಯಾಲ ಕುಂತಿದ್ದ ಹುಂಜ ಮಾತ್ರ ಉಳದದ."

ಜಗದೇವಿ ತಗ್ಗನ್ನು ನೋಡಿದಳು, ಟೊಂಗೆಯನ್ನು ನೋಡಿದಳು. ಆ ತಗ್ಗಿನಿಂದ ಇಪ್ಪತ್ತು ಹೆಜ್ಜೆಯಾಚೆಗೇ ಸುರಂಗ ಬಾವಿಯ ಮೊದಲ ಬಾಯಿ.

ಸುರಂಗ ಬಾವಿ ಅಂದರೆ ಸುಲ್ತಾನರ ಕಾಲದಲ್ಲಿ ನೆಲದೊಳಗೆ ಕೊರೆದ ಉದ್ದನೆಯ ಕಾಲುವೆ. ಜಂಬಿಟ್ಟಿಗೆಯೂ ಕರಿಕಲ್ಲೂ ಕೂಡುವ ಜಾಗದಲ್ಲಿ ನೀರು ಒಸರುತ್ತದೆ. ಆ ಒಸರನ್ನು ಹಿಡಿದು ಊರಿಗೆ ತರುತ್ತಿತ್ತು ಅದು. ಅಲ್ಲಲ್ಲಿ ಇಳಿಯಲು ಬಾವಿಯಂಥ ಬಾಯಿಗಳು. ಮಳೆಗಾಲಕ್ಕೆ ಮುಂಚೆ ಒಳಗಿಳಿದು ಹೂಳು ತೆಗೆಯುವುದು ಜಗದೇವಿಯ ತವರಿನ ಮನೆತನದ ಕೆಲಸ. ಈಗ ಅಣ್ಣ ಮಾಣಿಕಪ್ಪ ಅದರ ಮುಖಂಡ.

"ಅಣ್ಣಾ, ಈ ಸಲ ಇಳೀಬ್ಯಾಡ. ಶನಿವಾರದ ತನಕ ತಡಿ. ಗ್ಯಾಸು ಸೋರ್ಲಕತ್ತದಂತ ನನಗ ಸಂಶೆ ಅದ."

ಮಾಣಿಕಪ್ಪ ಸನಿಕೆಯ ಕಾವು ಬಿಗಿ ಮಾಡುತ್ತಿದ್ದವನು ತಲೆಯೆತ್ತಿದ. "ಊರಾಗ ಮನಿಗಿ ಒಂದು ಕೊಡ ನೀರವ್ವ. ಟ್ಯಾಂಕರ್ ನೀರೆಲ್ಲಾ ನಿಮ್ಮ ಬಾವಿ ಕುಡೀತಾವ. ಮಳಿ ಯಾವಾಗ ಬರ್ತದೋ, ಬಂದ್ರ ಒಂದೇ ದಿನಕ್ಕ ಸುರದು ಹೋಗ್ತದ. ಹೂಳ ತಗದಿಲ್ಲಂದ್ರ ಅದೂ ಸಿಗಂಗಿಲ್ಲ. ಯಾಕ ಅಂಜ್ತಿ? ದೀಪಾ ಇಳಿಸಿ ನೋಡ್ಲಾರದ ನಮ್ಮ ಮನಿತನದಾಗ ಯಾರರ ಇಳದಾರೇನು?"

ಅದು ಆ ಮನೆತನದ ಪದ್ಧತಿ. ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ತಳಕ್ಕೆ ಬಿಡಬೇಕು. ನೂರು ಎಣಿಸಬೇಕು. ದೀಪ ಆರಿದರೆ ಕೆಳಗೆ ಕೆಟ್ಟ ಗಾಳಿ, ಆ ದಿನ ಕೆಲಸವಿಲ್ಲ. ಆರದಿದ್ದರೆ ಕೈ ಮುಗಿದು ಇಳಿಯಬೇಕು. ಏಳೆಂಟು ತಲೆಮಾರು ಹೀಗೇ ಬದುಕಿತ್ತು. ಅಪ್ಪ ಹಾಗೆ ಎಣಿಸುತ್ತಿದ್ದಾಗ ತೊಡೆಯ ಮೇಲೆ ಕೂತು ತಾನೂ ಎಣಿಸಿದವಳು ಜಗದೇವಿ. ದೀಪ ಇದೆಯಲ್ಲ ಎಂದು ಅವಳ ಜೀವಕ್ಕೆ ಸಮಾಧಾನವಾಯಿತು. ಆ ಸಮಾಧಾನಕ್ಕೆ ಅವಳು ಆಮೇಲೆ ತನ್ನನ್ನು ಎಷ್ಟು ಶಪಿಸಿಕೊಂಡಳೋ, ಅದಕ್ಕೆ ಲೆಕ್ಕವಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಕೈಮಾಪಕ ಹಿಡಿದು ಏಳನೆಯ ಬಾವಿಯ ಬೇಲಿಯಿಂದ ಹಳ್ಳದ ಕಡೆಗೆ ನಡೆದಳು. ಎದೆಮಟ್ಟದಲ್ಲಿ ಏನೂ ಇಲ್ಲ. ಮೊಣಕಾಲ ಮಟ್ಟದಲ್ಲಿ ಅಂಕಿ ಏರಿತು. ನೆಲಕ್ಕೆ ತಾಗಿಸಿದಾಗ ಮಾಪಕ ಚೀರಿ, ಅಳತೆ ಮೀರಿ, ಬಂದಾಯಿತು. ಓಡಿ ಬಂದು ಅನಿರುದ್ಧನ ಮೇಜಿನ ಮೇಲೆ ಅದನ್ನಿಟ್ಟಳು.

"ಈಗಿಂದೀಗ ಏಳನೇದು ಬಂದ್ ಮಾಡ್ರಿ ಸರ್. ಚಿಮಣಿ ತೆಗೀರಿ. ಒಳಗಿನ ಒತ್ತಡ ಇಳಿಲಿಲ್ಲಂದ್ರ ಸೋರೋದು ನಿಲ್ಲಂಗಿಲ್ಲ."

ಚಿಮಣಿ ಅಂದರೆ ಅರವತ್ತು ಮೀಟರ್ ಎತ್ತರದ ಕೊಳವೆ. ಅಪಾಯ ಬಂದರೆ ಅನಿಲಕ್ಕೆ ಗಾಳಿ ಬೆರೆಸಿ ಮೇಲಕ್ಕೆ ಎಸೆಯಲೆಂದು ಎಂಜಿನಿಯರುಗಳು ಕಟ್ಟಿದ್ದರು. ಕಾಯಿದೆಯವರು ಬಂದು ಅದರ ಕವಾಟಕ್ಕೆ ಮೊಹರು ಹಾಕಿ ಹೋಗಿದ್ದರು. ಹೂತ ಅನಿಲವನ್ನು ಆಕಾಶಕ್ಕೆ ಬಿಟ್ಟವರಿಗೆ ಏಳು ವರ್ಷ ಸಜೆ.

"ನಾಳೆ ಪ್ರಮಾಣಪತ್ರ," ಎಂದ ಅನಿರುದ್ಧ. "ಇವತ್ತು ಚಿಮಣಿ ತೆರೆಯೋದಾ? ನಿಮಗೆ ತಲೆ ಸರಿಯಿದೆಯಾ?"

ಆಗ ಅವಳ ಫೋನು ರಿಂಗಾಯಿತು. ಕಸ್ತೂರಬಾಯಿ.

"ಜಗದೇವಿ, ನಿಮ್ಮಣ್ಣ, ಅವ್ರ ಜೋಡಿ ಹೂಳ ತಗಿಯೋ ಮೌಲಾಸಾಬ, ಇನ್ನೂ ಐದು ಮಂದಿ ಇಳದಾರ. ಹಗ್ಗ ಜಗ್ಗಿದ್ರ ಜವಾಬಿಲ್ಲ. ಹಿಂದಿನವ್ರು ತಲಿ ತಿರಗ್ಲಕತ್ತದ ಅಂತ ಒದರಿದ್ರು, ಈಗ ಅವ್ರದೂ ದನಿ ಇಲ್ಲ."

"ದೀಪಾ? ವೈನಿ, ದೀಪಾ ನೋಡಿಲ್ಲೇನು?"

"ನೋಡೀವವ್ವ! ನೂರು ಎಣಿಸೀವಿ. ಈಗೂ ಆರಿಲ್ಲ. ತಳದಾಗ ಬೆಳ್ಳಗ ಕಾಣ್ತದ."

ಬೆಳ್ಳಗೆ. ಜಗದೇವಿಗೆ ಆ ಒಂದು ಮಾತಿನಲ್ಲಿ ಎಲ್ಲವೂ ತಿಳಿಯಿತು. ಅವರು ಇಳಿಸಿದ್ದು ಬ್ಯಾಟರಿ ದೀಪ. ಊರಿನಲ್ಲಿ ಇದ್ದದ್ದೇ ಅದು. ಕೆಟ್ಟ ಗಾಳಿಯಲ್ಲಿ ಆರಬೇಕಾದದ್ದು ಬೆಂಕಿ, ಬ್ಯಾಟರಿಗೆ ಉಸಿರೆಲ್ಲಿದೆ? ಪದ್ಧತಿ ಉಳಿದಿತ್ತು, ನೂರು ಎಣಿಸುವುದು ಉಳಿದಿತ್ತು, ಕೈ ಮುಗಿಯುವುದೂ ಉಳಿದಿತ್ತು. ಬೆಂಕಿಯೊಂದನ್ನು ಕಾನೂನು ಕಿತ್ತುಕೊಂಡು ಹೋಗಿತ್ತು. ಬದಲಿಗೆ ಬಂದ ಆ ದೀಪವನ್ನು ಹೆಸರು ಕೂಗಿ ಅಣ್ಣನ ಕೈಗಿಟ್ಟವಳು ತಾನೇ. ಓದಿದವಳು, ತಿಳಿದವಳು, ಕೌದಿಯ ಪಾಠ ಹೇಳಿದವಳು! ಆ ದಿನವಾಗಲಿ, ಮೊನ್ನೆ ಸಂಜೆಯಾಗಲಿ ತನಗೆ ಹೊಳೆಯಲಿಲ್ಲವಲ್ಲ.

"ವೈನಿ, ಯಾರನ್ನೂ ಇಳೀಗೊಡಬ್ಯಾಡ. ತೊಗರಿ ತೂರೋ ಫ್ಯಾನ್ ಎಷ್ಟವ ಅಷ್ಟೂ ತರಸು. ಎಲ್ಲಾ ಬಾಯಿಗೂ ಹಚ್ಚಿ ಒಳಗ ಗಾಳಿ ಊದಸು. ಜಲ್ದಿ!"

ಫ್ಯಾನಿನ ಗಾಳಿ ಸಾಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಕಡೆಯಿಂದ ಊದುತ್ತಿದ್ದರೆ ಇನ್ನೊಂದು ಕಡೆಯಿಂದ ಏಳನೆಯ ಬಾವಿಯ ಅನಿಲ ಸುರಂಗಕ್ಕೆ ತುಂಬುತ್ತಲೇ ಇರುತ್ತದೆ. ಅವಳು ಕಂಟ್ರೋಲ್ ರೂಮಿಗೆ ಓಡಿ, ಪಂಪು ನಿಲ್ಲಿಸುವ ಗುಂಡಿ ಒತ್ತಿ, ಅಲ್ಲೇ ಮೂಲೆಯಲ್ಲಿದ್ದ ಚಿಮಣಿಯ ಕವಾಟದ ಹತ್ತಿರ ಹೋದಳು. ಅನಿರುದ್ಧ ಅಡ್ಡ ನಿಂತ.

"ಜಗದೇವಿ, ಯೋಚನೆ ಮಾಡಿ. ಒಂಬೈನೂರು ಟನ್ ಮೇಲೆ ಹೋಗುತ್ತೆ. ಶತಮಾನಗಟ್ಟಲೆ ಅಲ್ಲೇ ಇರುತ್ತೆ. ಆಕಾಶ ಎಲ್ಲರದು."

"ಹೌದ್ರಿ, ಆಕಾಶ ಎಲ್ಲಾರದು. ಹೊಗಿನೂ ಎಲ್ಲಾರದು ಅಂತೀರಿ. ಬಾವಿ ಒಂದೇ ನಮ್ಮದಾ? ಸರೀರಿ ಆಕಡಿ."

ಅವನು ಸರಿಯಲಿಲ್ಲ. ಅವಳು ಅವನನ್ನು ಭುಜ ಹಿಡಿದು ನೂಕಿದಳು. ಹತ್ತು ವರ್ಷ ಸರ್ ಸರ್ ಎಂದು ಕರೆದ ಮನುಷ್ಯನನ್ನು ನೂಕಿದಳು, ಅವನು ಫೈಲುಗಳ ಕಪಾಟಿಗೆ ಹೋಗಿ ತಾಗಿದ. ಮೊಹರು ಕಿತ್ತು, ಗಾಳಿ ಬೀಸುವ ದಿಕ್ಕು ನೋಡಿ, ಚಿಮಣಿಯ ಫ್ಯಾನು ಹಾಕಿ, ಕವಾಟ ತಿರುಗಿಸಿದಳು. ಇಡೀ ಕಟ್ಟಡ ನಡುಗುವಂಥ ಸದ್ದು ಎದ್ದಿತು. ಪರದೆಯ ಮೇಲೆ ಏಳನೆಯ ಬಾವಿಯ ಒತ್ತಡ ಇಳಿಯತೊಡಗಿತು. ಮೇಲೆ ಹೋಗುತ್ತಿರುವುದು ಕೌದಿಗೆ ಇನ್ನೊಂದು ದಾರ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತಿರುಗಿಸಿದಳು.

ಅವಳು ಊರಿಗೆ ಓಡುವ ಹೊತ್ತಿಗೆ ಸುರಂಗದ ಬಾಯಿಗಳಲ್ಲಿ ಹದಿನಾಲ್ಕು ಫ್ಯಾನುಗಳು ಕಿವಿ ಕಿತ್ತುಹೋಗುವಂತೆ ಓಡುತ್ತಿದ್ದವು. ಮೂರನೆಯ ಬಾಯಿಯಿಂದ ಐದು ಮಂದಿಯನ್ನು ಒಬ್ಬೊಬ್ಬರಾಗಿ ಹಗ್ಗ ಕಟ್ಟಿ ಎಳೆದರು. ಉಸಿರಿತ್ತು. ಕೊನೆಯವನನ್ನು ಎಳೆದ ಮೇಲೆ ಕಸ್ತೂರಬಾಯಿ ಹಗ್ಗವನ್ನು ಮತ್ತೆ ಒಳಗೆ ಬಿಟ್ಟು ಕಾದಳು. ಮುಂದೆ ಹೋದವರು ಮಾಣಿಕಪ್ಪ, ಮೌಲಾಸಾಬ. ಮುಖಂಡ ಮುಂದೆ ಇರಬೇಕು, ಅದೂ ಆ ಮನೆತನದ ಪದ್ಧತಿ. ಮಧ್ಯಾಹ್ನ ಒಂದು ಗಂಟೆಗೆ ಇಬ್ಬರನ್ನೂ ತಂದು ಬೇವಿನ ನೆರಳಿನಲ್ಲಿ ಮಲಗಿಸಿದರು. ಮೈಮೇಲೆ ಒಂದೂ ಗಾಯವಿರಲಿಲ್ಲ.

ಕಸ್ತೂರಬಾಯಿ ಅಳಲಿಲ್ಲ. ನಾದಿನಿಯ ಎರಡೂ ರಟ್ಟೆ ಹಿಡಿದು ಅಲ್ಲಾಡಿಸಿದಳು. "ನೀ ದೀಪಾ ಕೊಟ್ಟಿ, ನಾವು ತೊಗೊಂಡ್ವಿ. ನೀನೂ ನಂಬಿದಿ, ನಾವೂ ನಂಬಿದ್ವಿ. ನಿನ್ನ ಮ್ಯಾಲ ನನಗ ಸಿಟ್ಟಿಲ್ಲಂತ ಸುಳ್ಳು ಹೇಳಂಗಿಲ್ಲ. ಅದ. ಆದ್ರ ನಿನಗಿಂತ ಮದ್ಲ ನಾ ಸಿಟ್ಟಾಗಬೇಕಾದವ್ರ ಸಾಲು ಭಾಳ ಉದ್ದ ಅದವ್ವ. ನಿನ್ನ ಪಾಳಿ ಬರೋತನಕ ನಾ ಬದಕಿರಂಗಿಲ್ಲ."

ಮೂರು ವಾರದ ಮೇಲೆ ವಿಚಾರಣೆ. ಬೀದರಿನ ಒಂದು ಕಚೇರಿಯ ತಂಪು ಕೋಣೆ. ವಿಚಾರಣಾಧಿಕಾರಿ ವಯಸ್ಸಾದ ಮನುಷ್ಯ, ಸೌಮ್ಯ. ಒಂದು ಕಡೆ ಅನಿರುದ್ಧ, ಅವನ ತೊಡೆಯ ಮೇಲೆ ಕಂಪನಿಯ ಫೈಲು. ಪ್ರಮಾಣಪತ್ರ ಒಂದು ದಿನವೂ ತಡವಾಗದೆ ಬಂದಿತ್ತು. ಆ ಒಂಬೈನೂರು ಟನ್ ಸ್ಥಾವರದ ಸೋರಿಕೆಯಲ್ಲವಂತೆ, ನೌಕರಳೊಬ್ಬಳ ಕೈತಪ್ಪಂತೆ. ಇಬ್ಬರು ಸತ್ತದ್ದು ಹಳೆಯ ಬಾವಿಯಲ್ಲಿ ಸಹಜವಾಗಿ ಇರುವ ವಿಷಗಾಳಿಯಿಂದಂತೆ. ಇದನ್ನೆಲ್ಲ ಓದಿ ಹೇಳಿದ ಗುಮಾಸ್ತನ ದನಿ ಒಂದು ಕಡೆಯೂ ತಡವರಿಸಲಿಲ್ಲ.

ಅಧಿಕಾರಿ ಒಂದು ಕಾಗದ ಮುಂದಿಟ್ಟರು. "ನೋಡಮ್ಮ, ನಿಮ್ಮ ದುಃಖ ನನಗೆ ಅರ್ಥವಾಗುತ್ತೆ. ಗಾಬರಿಯಲ್ಲಿ ಕೈತಪ್ಪಿ ಕವಾಟ ತೆರೆಯಿತು ಅಂತ ಇದರಲ್ಲಿದೆ. ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಇಲ್ಲಿಗೇ ಮುಗಿಸುತ್ತೇವೆ. ಬೇಕೆಂದೇ ತೆರೆದೆ ಅಂದರೆ ಮಾತ್ರ ಕೋರ್ಟಿಗೆ ಹೋಗುತ್ತೆ, ಏಳು ವರ್ಷ. ಆಗ ಏಳನೆಯ ಬಾವಿಯ ಹತ್ತು ವರ್ಷದ ಅಂಕಿಗಳನ್ನೆಲ್ಲ ಕೋರ್ಟು ತರಿಸಿಕೊಳ್ಳುತ್ತೆ, ವರ್ಷಾನುಗಟ್ಟಲೆ ಎಳೆಯುತ್ತೆ. ಯಾರಿಗೆ ಬೇಕು?"

ಅನಿರುದ್ಧ ಕಿಟಕಿಯ ಕಡೆ ನೋಡುತ್ತಿದ್ದ. ಜಗದೇವಿ ಕಾಗದ ಎತ್ತಿಕೊಂಡು ಮೊದಲಿನಿಂದ ಓದಿದಳು. ತಲೆಯ ಮೇಲೆ ಆಕಾಶ ರಕ್ಷಣಾ ಕಾಯಿದೆ ಎಂದಿತ್ತು. ಅದರ ಕೆಳಗೆ, ಪ್ರಕರಣ ಸಂಖ್ಯೆ ಒಂದು.

"ಈ ವರ್ಷದ ಮದಲನೇದೇನ್ರಿ?" ಎಂದು ಕೇಳಿದಳು.

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಆಮೇಲೆ ತಾನೇ ಹೇಳಿದ. "ಅಲ್ರಿ ಬಾಯಾರ. ಕಾಯ್ದೆ ಬಂದಾಗಿಂದ."

"ಎಷ್ಟು ವರ್ಷಾತು ಬಂದು?"

"ಹನ್ನೊಂದು."

ಜಗದೇವಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು.

"ಹನ್ನೊಂದು ವರ್ಷ! ನಾ ಬಿಟ್ಟದ್ದು ಒಂಬೈನೂರು ಟನ್ನು. ಒಂದು ದೊಡ್ಡ ಕಲ್ಲಿದ್ದಲ ಸ್ಥಾವರ ಒಂದು ತಾಸಿನಾಗ ಬಿಡೋವಷ್ಟು. ಅದಕ್ಕ ತಪ್ಪಾತಂತ ನಾ ಒಪ್ಪತೀನ್ರಿ. ಅದು ಮ್ಯಾಲ ಹೋಗೇದ, ಶಾಖ ಹಿಡೀತದ, ನನ್ನ ಮೊಮ್ಮಕ್ಕಳ ಕಾಲಕ್ಕೂ ಹಿಡೀತದ. ನನಗ್ಯಾರೂ ಹೇಳಿಕೊಡೋದು ಬ್ಯಾಡ. ಆದ್ರ ಇನ್ನೂರು ವರ್ಷದಿಂದ ಸುಟ್ಟು ಸುಟ್ಟು ಆಕಾಶ ತುಂಬಿಸಿದವ್ರು, ಇವತ್ತಿಗೂ ಸುಡೋರು, ಇಷ್ಟು ಮಂದಿಯಾಗ ನಿಮ್ಮ ಕೈಗಿ ಸಿಕ್ಕಾಕಿ ನಾ ಒಬ್ಬಾಕೇನು? ಮಾಣಿಕಪ್ಪ ಜೀವಮಾನದಾಗ ಸುಟ್ಟದ್ದು ಒಂದು ಒಲಿ, ಒಂದು ಕಂದೀಲು. ಅದನ್ನೂ ಕಸಗೊಂಡ್ರಿ. ಅಂವಾ ಸತ್ತದ್ದು ಸಹಜ ಅಂತ ಬರದೀರಿ!"

"ಅಮ್ಮಾ, ಸಮಾಧಾನ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಸಹಿ ಹಾಕಿ, ಮನೆಗೆ ಹೋಗಿ," ಎಂದರು ಅಧಿಕಾರಿ. ಅವರ ದನಿಯಲ್ಲಿ ನಿಜವಾಗಿಯೂ ಕನಿಕರವಿತ್ತು. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಯಿತು.

ಜಗದೇವಿ ಪೆನ್ನು ತೆಗೆದುಕೊಂಡಳು. "ಗಾಬರಿಯಲ್ಲಿ ಕೈತಪ್ಪಿ" ಎಂಬ ಎರಡು ಮಾತಿನ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಟು ಹಾಕಿದಳು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ "ತಿಳಿದು, ಬೇಕೆಂದೇ" ಎಂದು ಬರೆದಳು. ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಮೂರನ್ನೂ ಪೂರಾ ಬರೆದು ಸಹಿ ಹಾಕಿ ಕಾಗದವನ್ನು ಮೇಜಿನ ಆಚೆಗೆ ನೂಕಿದಳು.

ಅನಿರುದ್ಧ ಕಿಟಕಿ ಬಿಟ್ಟು ಇತ್ತ ತಿರುಗಿದ. ಅವನ ತೊಡೆಯ ಮೇಲಿನ ಫೈಲು ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ಒಂದನೇ ನಂಬರ್ ಆತು," ಎಂದಳು ಜಗದೇವಿ, ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದುಕೊಂಡು ಕೂರುತ್ತ. "ಈಗ ಎರಡನೇ ನಂಬರಿನವ್ರನ್ನ ಕರೀರಿ. ನಾ ಇಲ್ಲೇ ಕುಂತು ನೋಡ್ತೀನಿ."